ಹಳೆಯ ವಿಮಾನ ಕೊಳ್ಳುವವರ ಕಣ್ಣಿನಿಂದ ಲೋಹಗಳ ನಶಿಸುವಿಕೆ: ಒಂದು ಬೋಧನಾಭ್ಯಾಸದ ಅನುಭವ

ತರಗತಿ: 10
ವಿಷಯ: ವಿಜ್ಞಾನ
ಘಟಕ: ಲೋಹಗಳು ಮತ್ತು ಅಲೋಹಗಳು
ಬೋಧನಾಂಶ: ಲೋಹಗಳ ನಶಿಸುವಿಕೆ
ಅವಧಿ: ತಲಾ 40 ನಿಮಿಷಗಳ ಎರಡು ಪಾಠಗಳು

ಹಿನ್ನೆಲೆ

ನನ್ನ ಬೋಧನಾಭ್ಯಾಸ ನಡೆದದ್ದು ಕರಾವಳಿಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ. ನಶಿಸುವಿಕೆಯ ಪಾಠವನ್ನು ಪಾಠಯೋಜನೆಯಂತೆ ಮುಗಿಸಿ ಕಿರುಪರೀಕ್ಷೆ ಕೊಟ್ಟಿದ್ದೆ. ಅದರಲ್ಲಿ ಎರಡು ಅಂಕದ ಒಂದು ಪ್ರಶ್ನೆ ಹೀಗಿತ್ತು: ‘ಅಲ್ಯೂಮಿನಿಯಂ ಕಬ್ಬಿಣದಂತೆ ನಶಿಸುವುದಿಲ್ಲ. ಕಾರಣ ಕೊಡಿ.’ ನಾನು ನಿರೀಕ್ಷಿಸಿದ ಉತ್ತರ ಎಲ್ಲರಿಗೂ ಗೊತ್ತಿರುವುದೇ. ಅಲ್ಯೂಮಿನಿಯಂನ ಮೇಲ್ಮೈಯಲ್ಲಿ ಆಕ್ಸೈಡಿನ ತೆಳುಪದರ ಉಂಟಾಗಿ ಒಳಗಿನ ಲೋಹವನ್ನು ಕಾಪಾಡುತ್ತದೆ.

ಒಬ್ಬ ವಿದ್ಯಾರ್ಥಿನಿ ಬರೆದದ್ದು ಬೇರೆ: ‘ಅಲ್ಯೂಮಿನಿಯಂ ಕೂಡ ನಶಿಸುತ್ತದೆ. ನಮ್ಮ ಮನೆಯ ಕಿಟಕಿಯಲ್ಲಿ ಸ್ಕ್ರೂ ಇರುವ ಕಡೆ ಬಿಳಿ ಪುಡಿ ಬಂದು ಗುಳಿ ಬಿದ್ದಿದೆ.’ ನಾನು ಕೆಂಪು ಶಾಯಿಯಲ್ಲಿ ಸೊನ್ನೆ ಹಾಕಿದೆ.

ಆ ಭಾನುವಾರ ಉತ್ತರಪತ್ರಿಕೆಗಳು ಮನೆಯ ಮೇಜಿನ ಮೇಲಿದ್ದವು. ನನ್ನ ಸೋದರಮಾವ ಹಗುರ ವಿಮಾನಗಳ ನಿರ್ವಹಣೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಆ ಹಾಳೆಯನ್ನು ಓದಿ ನಕ್ಕು, “ಹಳೇ ವಿಮಾನ ಕೊಳ್ಳೋವಾಗ ಈ ಹುಡುಗೀನ ಜೊತೆಗೆ ಕರ್ಕೊಂಡು ಹೋಗಬೇಕು ನೋಡು. ನೀನು ಸೊನ್ನೆ ಹಾಕಿದೀಯ!” ಎಂದರು. ನನಗೆ ನಗು ಬರಲಿಲ್ಲ. ಆ ಸಂಜೆ ಅವರಿಂದ ಕೇಳಿ ತಿಳಿದದ್ದೇ ಮುಂದಿನ ಎರಡು ಪಾಠಗಳಿಗೆ ಆಧಾರವಾಯಿತು.

ನಾನು ಕಲಿತದ್ದು

ಸೆಸ್ನಾ 172ರಂತಹ ನಾಲ್ಕು ಆಸನಗಳ ವಿಮಾನದ ಹೊರಮೈ ಶುದ್ಧ ಅಲ್ಯೂಮಿನಿಯಂ ಅಲ್ಲ. ಶುದ್ಧ ಅಲ್ಯೂಮಿನಿಯಂ ತೀರಾ ಮೆದು. ಬಲಕ್ಕಾಗಿ ಅದಕ್ಕೆ ಶೇಕಡಾ 4ರಷ್ಟು ತಾಮ್ರ ಸೇರಿಸಿ ಮಿಶ್ರಲೋಹ ಮಾಡುತ್ತಾರೆ. ಬಲ ಬರುತ್ತದೆ, ಜೊತೆಗೆ ನಶಿಸುವ ಗುಣವೂ ಹೆಚ್ಚುತ್ತದೆ. ಆದ್ದರಿಂದ ಹಾಳೆಯ ಎರಡೂ ಬದಿಗೆ ಶುದ್ಧ ಅಲ್ಯೂಮಿನಿಯಂನ ತೆಳು ಹೊದಿಕೆ ಕೊಟ್ಟಿರುತ್ತಾರೆ. ಗೀರು ಬಿದ್ದಲ್ಲಿ, ರಿವೆಟ್‌ಗಾಗಿ ತೂತು ಕೊರೆದಲ್ಲಿ, ಕತ್ತರಿಸಿದ ಅಂಚಿನಲ್ಲಿ ಆ ಹೊದಿಕೆ ಇರುವುದಿಲ್ಲ.

ಆಕ್ಸೈಡ್ ಪದರವೂ ಎಲ್ಲ ಕಡೆ ಕಾಯುವುದಿಲ್ಲ. ಆಮ್ಲವೂ ಪ್ರತ್ಯಾಮ್ಲವೂ ಅದನ್ನು ಕರಗಿಸುತ್ತವೆ. ಉಪ್ಪಿನ ಕ್ಲೋರೈಡ್ ಅದನ್ನು ಅಲ್ಲಲ್ಲಿ ಭೇದಿಸಿ ಗುಳಿ ಮಾಡುತ್ತದೆ. ಗಾಳಿಯಾಡದೆ ನೀರು ನಿಂತ ಸಂದಿಯಲ್ಲಿ ಒಡೆದ ಪದರ ಮತ್ತೆ ಕೂಡಿಕೊಳ್ಳುವುದು ಕಷ್ಟ. ಆದ್ದರಿಂದ ಅನುಭವಿ ತಂತ್ರಜ್ಞರು ವಿಮಾನದ ಹೊಳಪನ್ನು ನೋಡುವುದಿಲ್ಲ, ‘ನೀರು ಎಲ್ಲಿ ನಿಲ್ಲುತ್ತದೆ?’ ಎಂದು ಕೇಳಿಕೊಳ್ಳುತ್ತಾರೆ. ಮಾವ ಹೇಳಿದ ಜಾಗಗಳು ಇವು:

1. ಕ್ಯಾಬಿನ್ನಿನ ನೆಲದ ಅಡಿ. ಬಾಗಿಲು, ಕಿಟಕಿಗಳಿಂದ ಇಳಿದ ನೀರು ಅಲ್ಲಿ ಸೇರುತ್ತದೆ. ಶಬ್ದ ತಡೆಯುವ ಹಾಸು ಅದನ್ನು ಸ್ಪಂಜಿನಂತೆ ಹಿಡಿದಿಡುತ್ತದೆ.
2. ಬ್ಯಾಟರಿ ಪೆಟ್ಟಿಗೆಯ ಸುತ್ತ. ಅಲ್ಲಿ ಆಮ್ಲದ ಆವಿ ಮತ್ತು ಸೋರಿಕೆ ಇರುತ್ತದೆ.
3. ಎರಡು ತಗಡುಗಳು ಒಂದರ ಮೇಲೊಂದು ಕೂಡುವ ರಿವೆಟ್ ಸಾಲು. ಒಳಗೆ ಉಂಟಾದ ಬಿಳಿ ಪುಡಿ ತಾನು ತಿಂದ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಹಾಗಾಗಿ ರಿವೆಟ್‌ಗಳ ನಡುವೆ ತಗಡು ದಿಂಬಿನಂತೆ ಉಬ್ಬುತ್ತದೆ.
4. ಉಕ್ಕಿನ ಬೋಲ್ಟು, ಕೀಲುಗಳು ಅಲ್ಯೂಮಿನಿಯಂಗೆ ತಾಗುವ ಕಡೆ.
5. ಇಲಿ ಗೂಡು ಕಟ್ಟಿದ ಮೂಲೆ. ಇಲಿಯ ಮೂತ್ರ ಅಲ್ಯೂಮಿನಿಯಂ ಅನ್ನು ಚೆನ್ನಾಗಿಯೇ ತಿನ್ನುತ್ತದೆ.
6. ರೆಕ್ಕೆಯ ಭಾರ ಹೊರುವ ತೊಲೆ ಮತ್ತು ಅದು ದೇಹಕ್ಕೆ ಸೇರುವ ಜಾಗ. ಇಲ್ಲಿನ ದಪ್ಪ ಲೋಹ ಕೆಲವೊಮ್ಮೆ ನೆನೆದ ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ.

ಎಂಜಿನ್‌ನದು ಇನ್ನೊಂದು ಕಥೆ. ಹಗುರ ವಿಮಾನಗಳಲ್ಲಿ ಬಹಳ ಬಳಕೆಯಲ್ಲಿರುವ ಲೈಕಮಿಂಗ್ ನಾಲ್ಕು ಸಿಲಿಂಡರಿನ ಎಂಜಿನ್ನುಗಳಲ್ಲಿ ಕ್ಯಾಮ್‌ಶಾಫ್ಟ್ ಮೇಲ್ಭಾಗದಲ್ಲಿದೆ. ವಿಮಾನ ತಿಂಗಳುಗಟ್ಟಲೆ ನಿಂತರೆ ಎಣ್ಣೆಯೆಲ್ಲ ಕೆಳಗಿಳಿದು ಆ ಉಕ್ಕು ಬರಿದಾಗುತ್ತದೆ, ತೇವಕ್ಕೆ ತುಕ್ಕು ಹಿಡಿಯುತ್ತದೆ. ನೆಲದ ಮೇಲೆಯೇ ಹತ್ತು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಿದರೂ ಉಪಯೋಗವಿಲ್ಲ. ಎಣ್ಣೆ ಸಾಕಷ್ಟು ಬಿಸಿಯಾಗದೆ ಒಳಗಿನ ತೇವ ಆರುವುದಿಲ್ಲ, ಬದಲಿಗೆ ಹೆಚ್ಚುತ್ತದೆ.

ಮೊದಲ ಪಾಠ: ಆಯ್ಕೆ ಮತ್ತು ಪ್ರಯೋಗ

ಸೋಮವಾರ ತರಗತಿಯನ್ನು ಆರು ಗುಂಪು ಮಾಡಿ, ಪ್ರತಿ ಗುಂಪಿಗೂ ಮಾರಾಟಕ್ಕಿರುವ ಮೂರು ಕಾಲ್ಪನಿಕ ವಿಮಾನಗಳ ವಿವರ ಕೊಟ್ಟೆ.

ಅ: ಕಳೆದ ತಿಂಗಳು ಹೊಸ ಬಣ್ಣ ಬಳಿದಿದೆ. ಕಡಲ ತೀರದ ನಿಲ್ದಾಣದಲ್ಲಿ ಬಯಲಲ್ಲಿ ನಿಂತಿತ್ತು. ಐದು ವರ್ಷಗಳಲ್ಲಿ ಹಾರಿದ್ದು 20 ಗಂಟೆ ಮಾತ್ರ.
ಆ: ಬಣ್ಣ ಮಾಸಿದೆ. ಒಣ ಹವೆಯ ಒಳನಾಡಿನಲ್ಲಿ ಛಾವಣಿಯಡಿ ಇತ್ತು. ವರ್ಷಕ್ಕೆ 200 ಗಂಟೆ ಹಾರುತ್ತಿತ್ತು.
ಇ: ಒಳನಾಡಿನದು, ಛಾವಣಿಯಡಿ ಇತ್ತು, ಹಾರಾಟ ಕಡಿಮೆ. ಬಾಲದ ಭಾಗದಲ್ಲಿ ಇಲಿಗೂಡು ಸಿಕ್ಕಿದೆ.

ಐದು ಗುಂಪುಗಳು ‘ಅ’ ಆರಿಸಿದವು. ಕಾರಣ ಒಂದೇ: “ಹೊಸದಾಗಿ ಕಾಣ್ತದೆ ಸರ್, ಓಡಿದ್ದೂ ಕಮ್ಮಿ.” ಸೆಕೆಂಡ್ ಹ್ಯಾಂಡ್ ಬೈಕಿನ ಕಿಲೋಮೀಟರ್ ನೋಡುವ ಲೆಕ್ಕವನ್ನೇ ಅವರು ಇಲ್ಲಿಗೂ ತಂದಿದ್ದರು. ನಾನು ಸರಿ ತಪ್ಪು ಹೇಳದೆ ಆಯ್ಕೆಗಳನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದಿಟ್ಟೆ.

ನಂತರ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯ ನಾಲ್ಕು ತುಂಡುಗಳನ್ನು ನಾಲ್ಕು ರೀತಿಯಲ್ಲಿ ಇಟ್ಟೆವು. ಒಂದನೆಯದು ಬಾವಿ ನೀರಿನಲ್ಲಿ, ಎರಡನೆಯದು ಉಪ್ಪು ನೀರಿನಲ್ಲಿ. ಮೂರನೆಯದಕ್ಕೆ ಸುಲಿದ ತಾಮ್ರದ ತಂತಿಯನ್ನು ಬಿಗಿಯಾಗಿ ಸುತ್ತಿ ಉಪ್ಪು ನೀರಿನಲ್ಲಿಟ್ಟೆವು. ನಾಲ್ಕನೆಯದರ ಮೇಲೆ ಉಪ್ಪು ನೀರಿನ ಹತ್ತಿ ಒತ್ತಿ, ಗಾಳಿಯಾಡದಂತೆ ಪ್ಲಾಸ್ಟಿಕ್ ಸುತ್ತಿದೆವು. ಪ್ರತಿ ಗುಂಪೂ ಶನಿವಾರ ಏನಾಗಿರಬಹುದೆಂದು ಊಹೆ ಬರೆದಿಟ್ಟಿತು.

ಎರಡನೆಯ ಪಾಠ: ನೋಡುವುದು ಮತ್ತು ಮರುಚಿಂತನೆ

ಶನಿವಾರ ಹಾಳೆಗಳನ್ನು ಹೊರತೆಗೆದು, ಕೋಣೆಯ ಕಿಟಕಿ ಮುಚ್ಚಿ, ಹಿಂದಿನಿಂದ ಟಾರ್ಚ್ ಹಿಡಿದೆವು. ತಾಮ್ರ ಸುತ್ತಿದ ಹಾಳೆಯಲ್ಲಿ ತಂತಿಯ ಆಚೀಚೆ ಚುಕ್ಕಿ ಚುಕ್ಕಿಯಾಗಿ ಬೆಳಕು ಕಂಡಿತು. ಬರಿ ಉಪ್ಪು ನೀರಿನದರಲ್ಲಿ ಅಷ್ಟಿರಲಿಲ್ಲ. ಹತ್ತಿ ತೆಗೆದ ಹಾಳೆಯಲ್ಲಿ, ಹತ್ತಿ ಕೂತಿದ್ದಲ್ಲಿ ಮಾತ್ರ ಮಂಕು ಕಲೆಗಳಿದ್ದವು.

“ತಾಮ್ರ ಯಾಕೆ ಹಾಗೇ ಉಳಿಯಿತು?” ಎಂಬ ಪ್ರಶ್ನೆಗೆ ಕ್ರಿಯಾಶೀಲತೆಯ ಸರಣಿಯಿಂದ ಉತ್ತರ ಹುಡುಕಿದೆವು. ಸರಣಿಯಲ್ಲಿ ಮೇಲಿರುವ ಅಲ್ಯೂಮಿನಿಯಂ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಕರಗುತ್ತದೆ, ಕೆಳಗಿರುವ ತಾಮ್ರ ಉಳಿಯುತ್ತದೆ. ವಿಮಾನದ ಮಿಶ್ರಲೋಹದ ಒಳಗೇ ತಾಮ್ರವಿದೆ ಎಂದಾಗ ಹಿಂದಿನ ಬೆಂಚಿನಿಂದ ಒಬ್ಬ, “ಹಾಗಾದ್ರೆ ಶತ್ರು ಮನೆಯೊಳಗೇ ಇದ್ದಾನೆ!” ಎಂದ. ಆ ಮಾತನ್ನು ಹಲಗೆಯ ಮೇಲೆ ಬರೆದೆ.

ಸಣ್ಣ ಗುಳಿಗೆ ಇಷ್ಟು ಮಹತ್ವ ಯಾಕೆ ಎಂಬುದಕ್ಕೆ ಒಂದು ನಿಜ ಘಟನೆ ಹೇಳಿದೆ. 2019ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಮೌಂಟ್ ಐಸಾ ಬಳಿ ಸಮೀಕ್ಷೆಗೆ ಹಾರುತ್ತಿದ್ದ ಸೆಸ್ನಾ 210 ಮಾದರಿಯ ವಿಮಾನದ ಒಂದು ರೆಕ್ಕೆ ಕಳಚಿ, ಒಳಗಿದ್ದ ಇಬ್ಬರೂ ಸತ್ತರು. ರೆಕ್ಕೆಗಳ ಭಾರವನ್ನು ದೇಹದ ಮೂಲಕ ಹೊರುವ ತೊಲೆಯಲ್ಲಿ ನಶಿಸುವಿಕೆಯಿಂದ ಬಿದ್ದ ಒಂದು ಗುಳಿಯಿಂದ ಬಿರುಕು ಶುರುವಾಗಿತ್ತು. ಪ್ರತಿ ಹಾರಾಟದ ಒತ್ತಡಕ್ಕೂ ಬಿರುಕು ಬೆಳೆದು ಕೊನೆಗೆ ತೊಲೆ ತುಂಡಾಯಿತು. ತರಗತಿ ಸ್ವಲ್ಪ ಹೊತ್ತು ಸುಮ್ಮನಾಯಿತು.

ನಂತರ ಅದೇ ಮೂರು ವಿಮಾನಗಳನ್ನು ಮತ್ತೆ ನೋಡಲು ಹೇಳಿದೆ. ಈ ಬಾರಿ ಆಯ್ಕೆಗಿಂತ ಮೊದಲು ಮಾರುವವರಿಗೆ ಕೇಳಬೇಕಾದ ಮೂರು ಪ್ರಶ್ನೆಗಳನ್ನು ಬರೆಯಬೇಕಿತ್ತು. ಒಂದು ಗುಂಪಿನ ಮೊದಲ ಪ್ರಶ್ನೆ: ‘ಮಾರುವ ಒಂದು ತಿಂಗಳ ಮೊದಲೇ ಯಾಕೆ ಬಣ್ಣ ಬಳಿದಿರಿ?’ ಇನ್ನೊಂದು: ‘ನೆಲದ ಹಲಗೆ ಬಿಚ್ಚಿ ತೋರಿಸುತ್ತೀರಾ?’ ಸೊನ್ನೆ ಪಡೆದ ವಿದ್ಯಾರ್ಥಿನಿ ಎದ್ದು, “ಮೀನುಗಾರಿಕೆ ನಿಲ್ಲಿಸೋ ಮಳೆಗಾಲದಲ್ಲೇ ನಮ್ಮ ದೋಣಿ ಎಂಜಿನ್ ಕೆಡೋದು ಸರ್, ಓಡ್ತಿರುವಾಗ ಅಲ್ಲ” ಎಂದಳು. ಕ್ಯಾಮ್‌ಶಾಫ್ಟ್ ಬಗ್ಗೆ ನಾನು ಸಿದ್ಧಮಾಡಿಕೊಂಡಿದ್ದ ವಿವರಣೆಯ ಅರ್ಧ ಅಲ್ಲಿಗೇ ಮುಗಿಯಿತು.

ಎಡವಿದ್ದು ಎಲ್ಲಿ

ಎರಡು ಕಡೆ ಪಾಠ ಎಡವಿತು. ಬಾವಿ ನೀರಿನ ಹಾಳೆಯಲ್ಲೂ ಕಲೆಗಳಿದ್ದವು. ಕಡಲ ಬದಿಯ ಬಾವಿಯಲ್ಲಿ ಉಪ್ಪಿರುತ್ತದೆಂದು ನನಗೆ ಮೊದಲೇ ಹೊಳೆಯಬೇಕಿತ್ತು. ಹೋಲಿಕೆಗೆ ಬಟ್ಟಿ ಇಳಿಸಿದ ನೀರು ಬಳಸುವುದು ಲೇಸು.

ಎರಡನೆಯದು ಹೆಚ್ಚು ಗಂಭೀರ. ಮರುಚಿಂತನೆಯ ನಂತರ ಎರಡು ಗುಂಪುಗಳು ಮೂರೂ ವಿಮಾನ ಬೇಡ ಎಂದವು. ‘ಬಿಳಿ ಪುಡಿ ಇದ್ದರೆ ಬಿಟ್ಟುಬಿಡಿ’ ಎಂಬ ಹೊಸ ಗಿಳಿಪಾಠವನ್ನು ನಾನೇ ಕಲಿಸಿಬಿಟ್ಟಿದ್ದೆ. ಹಳೆಯ ವಿಮಾನದಲ್ಲಿ ನಶಿಸುವಿಕೆ ಇದ್ದೇ ಇರುತ್ತದೆ. ಅದು ಎಲ್ಲಿದೆ, ಎಷ್ಟು ಆಳವಿದೆ, ಕೆರೆದು ತೆಗೆದ ಮೇಲೆ ಎಷ್ಟು ದಪ್ಪದ ಲೋಹ ಉಳಿಯುತ್ತದೆ ಎಂಬುದೇ ತೀರ್ಮಾನದ ಪ್ರಶ್ನೆ. ಬಾಗಿಲಿನ ತಗಡಿನ ಮೇಲಿನ ಕಲೆಯನ್ನು ಉಜ್ಜಿ ಬಣ್ಣ ಹಚ್ಚಬಹುದು. ತೊಲೆ ಪದರ ಬಿಡಿಸಿಕೊಂಡಿದ್ದರೆ ದುರಸ್ತಿಯ ವೆಚ್ಚ ವಿಮಾನದ ಬೆಲೆಯನ್ನೇ ಮೀರಬಹುದು. ಅದಕ್ಕೇ ಕೊಳ್ಳುವವರು ಮಾರುವವರ ಕಡೆಯವರಲ್ಲದ ತಂತ್ರಜ್ಞರಿಂದ, ಹಣ ಕೊಡುವ ಮೊದಲೇ, ಹಲಗೆಗಳನ್ನು ಬಿಚ್ಚಿಸಿ ನೋಡಿಸುತ್ತಾರೆ. ಮುಂದಿನ ಅವಧಿಯಲ್ಲಿ ಹತ್ತು ನಿಮಿಷ ತೆಗೆದುಕೊಂಡು ಇದನ್ನು ಸರಿಪಡಿಸಿದೆ.

ಮೌಲ್ಯಮಾಪನ

ಹಳೆಯ ಪ್ರಶ್ನೆಯ ಬದಲು ಇದನ್ನು ಕೊಟ್ಟೆ: ‘ಕಡಲ ತೀರದ ಮನೆಯ ಅಲ್ಯೂಮಿನಿಯಂ ಕಿಟಕಿಗೆ ಉಕ್ಕಿನ ಸ್ಕ್ರೂಗಳಿವೆ. ನಶಿಸುವಿಕೆಯನ್ನು ಮೊದಲು ಎಲ್ಲಿ ಹುಡುಕುವಿರಿ? ಏನು ಕಾಣಬಹುದು? ಏಕೆ? ಅದನ್ನು ದುರಸ್ತಿ ಮಾಡಬಹುದೇ ಎಂದು ಹೇಗೆ ನಿರ್ಧರಿಸುವಿರಿ?’ ಜಾಗ, ಗುರುತು, ಕಾರಣ, ನಿರ್ಧಾರ ಇವಕ್ಕೆ ತಲಾ ಒಂದು ಅಂಕ. ಆಕ್ಸೈಡ್ ಪದರದ ಮಾತು ‘ಕಾರಣ’ದಲ್ಲಿ ಬರುತ್ತದೆ. ಅದು ಯಾವಾಗ ಕಾಯುತ್ತದೆ, ಯಾವಾಗ ಸೋಲುತ್ತದೆ ಎಂದು ಬರೆದವರಿಗೆ ಮಾತ್ರ ಆ ಅಂಕ.

ಹಿನ್ನೋಟ

ಮೊದಲ ಪರೀಕ್ಷೆಯ ಆ ಉತ್ತರದಲ್ಲಿ ಜಾಗವಿತ್ತು, ಗುರುತಿತ್ತು, ಕಣ್ಣಾರೆ ನೋಡಿದ ಸಾಕ್ಷಿಯಿತ್ತು. ಇಲ್ಲದಿದ್ದದ್ದು ಕಾರಣ ಮಾತ್ರ. ಅದನ್ನು ಕಲಿಸಬೇಕಾದವನು ನಾನು. ನನ್ನ ಪ್ರಶ್ನೆಯೇ ಅರ್ಧಸತ್ಯವನ್ನು ಪೂರ್ಣಸತ್ಯವೆಂಬಂತೆ ಕೇಳಿತ್ತು. ಹೊಸ ಬಣ್ಣ ಕಂಡು ‘ಅ’ ವಿಮಾನ ಆರಿಸಿದ ಮಕ್ಕಳಿಗೂ, ಪಠ್ಯದ ವಾಕ್ಯ ಕಂಡ ಕೂಡಲೇ ಅಂಕ ಕೊಟ್ಟ ನನಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಇಬ್ಬರೂ ಹಲಗೆ ಬಿಚ್ಚಿ ನೋಡಿರಲಿಲ್ಲ.

ಸೋಮವಾರ ತರಗತಿಯ ಮುಂದೆಯೇ ತಪ್ಪು ಒಪ್ಪಿಕೊಂಡು ಸೊನ್ನೆಯನ್ನು ಹೊಡೆದುಹಾಕಿದೆ. ಎಷ್ಟು ಅಂಕ ಕೊಡಬಹುದೆಂದು ಅವಳನ್ನೇ ಕೇಳಿದೆ. “ಒಂದು ಸಾಕು ಸರ್, ಕಾರಣ ಬರ್ದಿಲ್ಲ” ಎಂದಳು. ಒಂದೇ ಕೊಟ್ಟೆ. ಬೋಧನಾಭ್ಯಾಸಕ್ಕೆ ಹೊರಡುವ ಸ್ನೇಹಿತರಿಗೆ ನನ್ನ ಒಂದೇ ವಿನಂತಿ: ಉತ್ತರಸೂಚಿಗೆ ಹೊಂದದ ಉತ್ತರಗಳನ್ನು ಬೇರೆ ಇಡಿ, ಸೊನ್ನೆ ಹಾಕುವ ಮೊದಲು ಬರೆದವರನ್ನು ಕರೆದು, “ಇದನ್ನು ಎಲ್ಲಿ ನೋಡಿದೆ?” ಎಂದು ಕೇಳಿ.