ಮಿಕ್ಕ ಔಷಧ ದಾನದ ವಸ್ತುವಲ್ಲ

ಮನೆಯ ಹಿರಿಯರೊಬ್ಬರು ತೀರಿಕೊಂಡ ಮೇಲೆ ಅವರ ಬಟ್ಟೆಬರೆಯನ್ನು ಬಡವರಿಗೆ ಕೊಡುತ್ತೇವೆ, ಜಪಸರವನ್ನು ಮೊಮ್ಮಕ್ಕಳಿಗೆ ಕೊಡುತ್ತೇವೆ. ಮಾತ್ರೆಗಳ ಡಬ್ಬಿ ಮಾತ್ರ ಕಪಾಟಿನಲ್ಲೇ ಉಳಿಯುತ್ತದೆ. 'ಇಷ್ಟು ದುಡ್ಡು ಕೊಟ್ಟು ತಂದದ್ದು, ಬಿಸಾಡುವುದು ಹೇಗೆ? ಕಾನ್ವೆಂಟಿನ ದವಾಖಾನೆಗೆ ಕೊಟ್ಟರೆ ಯಾರಿಗಾದರೂ ಆದೀತು' ಎಂದುಕೊಳ್ಳುತ್ತೇವೆ. ಮನಸ್ಸು ಒಳ್ಳೆಯದೇ, ಆದರೆ ಔಷಧದ ವಿಷಯದಲ್ಲಿ ಅದು ಸರಿಯಲ್ಲ.

ರೋಗಿಯ ಕೈಸೇರಿ ಹಿಂದಿರುಗಿದ ಔಷಧವನ್ನು ದಾನ ಮಾಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 1996ರಲ್ಲೇ ಮಾರ್ಗಸೂಚಿ ಹೊರಡಿಸಿತು. ಅದು ಬಿಸಿಲಲ್ಲಿತ್ತೋ ತೇವದಲ್ಲಿತ್ತೋ ಪಡೆಯುವವರಿಗೆ ತಿಳಿಯದು. ನಮ್ಮ ಮಗುವಿಗೆ ಕೊಡಲು ಹಿಂಜರಿಯುವುದನ್ನು ಬಡವರ ಮಗುವಿಗೆ ಕೊಟ್ಟರೆ ಅದು ದಾನವಾದೀತೆ?

ಹಾಗೆಂದು ಮನೆಯಲ್ಲಿಟ್ಟುಕೊಳ್ಳುವುದೂ ಅಪಾಯ. ಸಕ್ಕರೆ ಕಾಯಿಲೆಯ ಗ್ಲಿಬೆನ್‌ಕ್ಲಮೈಡ್‌ನಂಥ ಒಂದೇ ಮಾತ್ರೆಯನ್ನು ಪುಟ್ಟ ಮಗು ನುಂಗಿದರೂ ಪ್ರಾಣಕ್ಕೆ ಕುತ್ತು ಬರಬಹುದು. ಬಚ್ಚಲಿಗೆ ಸುರಿದರೆ ಔಷಧ ಹಳ್ಳಕೊಳ್ಳಗಳ ನೀರಿಗೆ ಸೇರುತ್ತದೆ. ಒಲೆಗೆ ಹಾಕಿದರೆ ವಿಷದ ಹೊಗೆ ಏಳುತ್ತದೆ.

ಹಾಗಾದರೆ ಏನು ಮಾಡಬೇಕು?

1. ಔಷಧದಂಗಡಿ ಅಥವಾ ಆಸ್ಪತ್ರೆಯವರು ಹಿಂದಕ್ಕೆ ತೆಗೆದುಕೊಳ್ಳುತ್ತಾರೆಯೇ ಎಂದು ಮೊದಲು ಕೇಳಿ. ನೆರೆಯ ಕೇರಳದ ಔಷಧ ನಿಯಂತ್ರಣ ಇಲಾಖೆ 2025ರಲ್ಲಿ ಕೋಯಿಕ್ಕೋಡಿನಲ್ಲಿ ಇಂಥ ಸಂಗ್ರಹಣೆ ಆರಂಭಿಸಿತು.

2. ಅದಾಗದಿದ್ದರೆ ಮಾತ್ರೆಗಳನ್ನು ಪಟ್ಟಿಯಿಂದ ಬಿಡಿಸಿ, ಪುಡಿಮಾಡದೆ, ಒದ್ದೆ ಮಣ್ಣು ಅಥವಾ ಕಾಫಿ ಚರಟದೊಂದಿಗೆ ಬೆರೆಸಿ. ಟಾನಿಕ್ಕನ್ನೂ ಅದಕ್ಕೇ ಸುರಿಯಿರಿ. ಮುಚ್ಚಳವಿರುವ ಡಬ್ಬಿಯಲ್ಲಿ ಭದ್ರಪಡಿಸಿ, ಹಸಿಕಸದೊಂದಿಗೆ ಸೇರಿಸದೆ, ಅಪಾಯಕಾರಿ ಕಸವೆಂದು ಹೇಳಿ ಪ್ರತ್ಯೇಕವಾಗಿ ಕೊಡಿ.

3. ಚೀಟಿಯ ಮೇಲಿನ ರೋಗಿಯ ಹೆಸರನ್ನು ಅಳಿಸಿ. ಇನ್ಸುಲಿನ್ ಸೂಜಿಗಳನ್ನು ಗಟ್ಟಿ ಡಬ್ಬಿಯಲ್ಲಿ ಬೇರೆಯಾಗಿಡಿ. ಕಸ ಆಯುವವರ ಕೈಗೆ ಚುಚ್ಚಬಾರದಷ್ಟೆ.

4. ಕ್ಯಾನ್ಸರ್ ನೋವಿಗೆ ಕೊಡುವ ಮಾರ್ಫಿನ್, ಫೆಂಟನಿಲ್‌ಗಳನ್ನು ಒಂದು ದಿನವೂ ಹೆಚ್ಚಾಗಿ ಇಟ್ಟುಕೊಳ್ಳಬೇಡಿ. ಕೊಟ್ಟ ಆಸ್ಪತ್ರೆಗೇ ಹಿಂದಿರುಗಿಸಿ. ಅದು ಸಾಧ್ಯವಾಗದಿದ್ದರೆ ಇವನ್ನು ಮಾತ್ರ ಶೌಚಾಲಯಕ್ಕೆ ಹಾಕಿ ನೀರು ಬಿಡಬಹುದು. ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಯ 2025ರ ಮಾರ್ಗಸೂಚಿ ಇಂಥ 17 ಔಷಧಗಳನ್ನು ಹೆಸರಿಸಿದೆ. ಮನೆಯಲ್ಲುಳಿದರೆ ಅವು ಇನ್ನೊಬ್ಬರ ಜೀವ ತೆಗೆಯಬಲ್ಲವು ಎಂಬುದೇ ಇದಕ್ಕೆ ಕಾರಣ.

ಬಡ ರೋಗಿಗೆ ನೆರವಾಗುವ ಆಸೆಯಿದ್ದರೆ ದವಾಖಾನೆಯ ಸಿಸ್ಟರನ್ನು ಕೇಳಿ, ಅವರು ಹೇಳಿದ ಔಷಧವನ್ನು ಹೊಸದಾಗಿ ಕೊಂಡುಕೊಡಿ. ಈ ಭಾನುವಾರ ಬಲಿಪೂಜೆಯಿಂದ ಬಂದ ಮೇಲೆ ಮನೆಯವರೆಲ್ಲ ಕುಳಿತು ಆ ಹಳೆಯ ಡಬ್ಬಿಯನ್ನೊಮ್ಮೆ ತೆರೆದು ನೋಡಿ.