ನಿಮ್ಮ ದೇಹ ಮಗುವಿನ ಪರವಾಗಿಯೇ ಇದೆ

ಪ್ರಶ್ನೆ: ನನಗೆ 41 ವರ್ಷ. ದಾನಿಯ ಅಂಡಾಣು ಪಡೆದು ಐವಿಎಫ್ ಮೂಲಕ ಗರ್ಭಿಣಿಯಾಗಿದ್ದೇನೆ. ಈಗ ಐದನೇ ತಿಂಗಳು. ವಿಷಯ ಗಂಡನಿಗೆ ಬಿಟ್ಟರೆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ‘ಬಿಪಿ ಬಗ್ಗೆ ಹುಷಾರಾಗಿರಿ, ದಾನಿ ಅಂಡಾಣುವಿನ ಬಸಿರಲ್ಲಿ ಅದು ಏರುವುದುಂಟು’ ಎಂದು ಡಾಕ್ಟರ್ ಹೇಳಿದಾಗಿನಿಂದ ನಿದ್ದೆಯಿಲ್ಲ. ನನ್ನದಲ್ಲ ಎಂದು ನನ್ನ ದೇಹವೇ ಮಗುವನ್ನು ದೂಡುತ್ತಿದೆಯೇ?
– ಹೆಸರು ಬೇಡ

ಉತ್ತರ: ವರ್ಷಗಟ್ಟಲೆ ಕಾದು ಪಡೆದ ಬಸಿರು. ಅದರ ಜೊತೆಗೆ ಯಾರಿಗೂ ಹೇಳಲಾಗದ ಗುಟ್ಟು. ನಿದ್ದೆ ಬಾರದಿರುವುದು ಸಹಜ. ಆದರೆ ಬಿಪಿ ಎಚ್ಚರಿಕೆಯನ್ನು ನೀವು ತಿರಸ್ಕಾರವೆಂದು ಓದಿಕೊಂಡಿದ್ದೀರಿ. ಅದು ಹಾಗಲ್ಲ.

ಸ್ವಂತ ಅಂಡಾಣುವಿನಿಂದ ಬಸಿರಾದವಳಿಗೂ ಮಗುವಿನ ಅರ್ಧ ಅಂಶ ಹೊರಗಿನದೇ, ಅದು ತಂದೆಯದು. ನಿಮ್ಮಲ್ಲಿ ಆ ಪಾಲು ಹೆಚ್ಚು, ಅಷ್ಟೆ. ಇಂಥ ಮಗುವನ್ನು ಕಾಪಾಡಲು ತಾಯಿಯ ರೋಗನಿರೋಧಕ ವ್ಯವಸ್ಥೆ ತನ್ನ ವರಸೆಯನ್ನೇ ಬದಲಿಸಿಕೊಳ್ಳುತ್ತದೆ. ಮೊದಲ ತಿಂಗಳುಗಳಲ್ಲಿ ಗರ್ಭಕೋಶದ ಒಳಪದರದಲ್ಲಿರುವ ಬಿಳಿ ರಕ್ತಕಣಗಳಲ್ಲಿ ಹೆಚ್ಚಿನವು ಎನ್‌ಕೆ ಕಣಗಳು. ಬೇರೆಡೆ ಸೋಂಕು ತಗುಲಿದ ಕಣಗಳನ್ನು ಕೊಲ್ಲುವ ಕುಲದ ಇವು, ಇಲ್ಲಿ ಮಾಸಿಗೆ ರಕ್ತ ಹರಿಯುವ ನಾಳಗಳನ್ನು ಅಗಲಿಸಲು ನೆರವಾಗುತ್ತವೆ. ಮಾಸಿನ ಕಣಗಳು ಎಚ್‌ಎಲ್‌ಎ-ಜಿ ಎಂಬ ಪ್ರೋಟೀನನ್ನು ಹೊತ್ತು, ‘ದಾಳಿ ಬೇಡ’ ಎಂಬ ಸೂಚನೆ ಕೊಡುತ್ತವೆ. ನಿಯಂತ್ರಕ ಟಿ ಕಣಗಳು ಉಳಿದ ಕಣಗಳನ್ನು ಶಾಂತವಾಗಿಡುತ್ತವೆ. ನಿಮ್ಮ ದೇಹ ಐದು ತಿಂಗಳಿಂದ ಈ ಕೆಲಸದಲ್ಲಿದೆ.

ಹೊರಗಿನ ಅಂಶ ಹೆಚ್ಚಾದಷ್ಟೂ ಈ ಹೊಂದಾಣಿಕೆಯ ಹೊರೆಯೂ ಹೆಚ್ಚು. ಕೆಲವರಲ್ಲಿ ನಾಳಗಳು ಸಾಕಷ್ಟು ಅಗಲಗೊಳ್ಳದೆ ಬಿಪಿ ಏರಬಹುದು. ಪ್ರಿಎಕ್ಲಾಂಪ್ಸಿಯಾ ಎಂಬ ಈ ತೊಂದರೆ, ಸ್ವಂತ ಅಂಡಾಣುವಿನ ಐವಿಎಫ್ ಬಸಿರಿಗಿಂತ ದಾನಿ ಅಂಡಾಣುವಿನ ಬಸಿರಲ್ಲಿ ಹೆಚ್ಚಾಗಿ ಕಾಣಿಸುತ್ತದೆ. ಹಾಗಿದ್ದೂ ಹೆಚ್ಚಿನ ತಾಯಂದಿರಿಗೆ ಇದು ಬರುವುದಿಲ್ಲ. ಬಂದರೂ ಅದು ನಿಮ್ಮ ಪ್ರೀತಿಯ ಕೊರತೆಯಲ್ಲ, ನಿಮ್ಮ ತಪ್ಪೂ ಅಲ್ಲ.

ಈಗ ಮಾಡಬೇಕಾದ್ದಿಷ್ಟು. ಹೆರಿಗೆ ಮಾಡಿಸುವ ಡಾಕ್ಟರಿಗೆ ದಾನಿ ಅಂಡಾಣುವಿನ ವಿಷಯ ತಿಳಿದಿರಲಿ. ಅದನ್ನು ಗುಟ್ಟಾಗಿಡುವುದು ಅವರ ಕರ್ತವ್ಯ. ಪ್ರತಿ ಭೇಟಿಯಲ್ಲೂ ಬಿಪಿ ಮತ್ತು ಮೂತ್ರ ಪರೀಕ್ಷೆ ಆಗಲಿ. ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಟ್ಟಿದ್ದರೆ ನೀವಾಗಿ ನಿಲ್ಲಿಸಬೇಡಿ, ಕೊಟ್ಟಿಲ್ಲದಿದ್ದರೆ ಕೇಳಿ ನೋಡಿ. ನೀವಾಗಿ ಶುರುಮಾಡುವುದಂತೂ ಬೇಡ. ಇಮ್ಯುನಿಟಿ ಹೆಚ್ಚಿಸುತ್ತೇವೆನ್ನುವ ಪುಡಿ, ಕಷಾಯಗಳೂ ಬೇಡ. ಬಿಪಿ 140/90 ಮುಟ್ಟಿದರೆ ಡಾಕ್ಟರಿಗೆ ಫೋನ್ ಮಾಡಿ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು, ಮುಖ ಕೈ ದಿಢೀರನೆ ಊದುವುದು, ಇವುಗಳಲ್ಲಿ ಒಂದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಿ.

‘ನನ್ನದಲ್ಲ’ ಎಂಬ ಮಾತನ್ನು ಕಾನೂನೂ ಒಪ್ಪುವುದಿಲ್ಲ. 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ, ಹುಟ್ಟುವ ಮಗು ನಿಮ್ಮಿಬ್ಬರ ಜೈವಿಕ ಮಗುವೇ; ದಾನಿಗೆ ಯಾವ ಹಕ್ಕೂ ಇಲ್ಲ. ಮನೆಯವರಿಗೆ ಹೇಳುವುದು ಬಿಡುವುದು ನಿಮ್ಮಿಬ್ಬರ ತೀರ್ಮಾನ, ಅವಸರವಿಲ್ಲ. ಆದರೆ ರಾತ್ರಿ ಕಾಡುವ ಭಯವನ್ನು ಗಂಡನ ಮುಂದಾದರೂ ಹೇಳಿಕೊಳ್ಳಿ. ಆಗಲೂ ಮನಸ್ಸು ಹಗುರಾಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಇದನ್ನು ಓದುತ್ತಿರುವ ಉಳಿದವರಿಗೂ ಒಂದು ಮಾತು. ಮನೆಯಲ್ಲಿ ಬಸುರಿ ಇದ್ದರೆ ಮಗುವಿಗೆ ಯಾರ ಹೋಲಿಕೆ ಬರುತ್ತದೋ ಎಂದು ಕೇಳುವ ಮುಂಚೆ, ಈ ತಿಂಗಳು ಬಿಪಿ ತೋರಿಸಿಕೊಂಡು ಬಂದೆಯಾ ಎಂದು ಕೇಳಿ.