ಜಂತುನಾಶಕ ಔಷಧಿ: ಅಂದಾಜು ಬೇಡ, ಲೆಕ್ಕ ಹಾಕಿ ಕುಡಿಸಿ

ಜಾನುವಾರುಗಳಿಗೆ ಜಂತುನಾಶಕ ಔಷಧಿ ಕುಡಿಸಬೇಕೆಂಬುದು ಬಹುಪಾಲು ರೈತರಿಗೆ ತಿಳಿದ ವಿಷಯ. ಆದರೆ ದನದ ತೂಕವನ್ನು ಕಣ್ಣಂದಾಜಿನಲ್ಲಿ ನಿರ್ಧರಿಸಿ, ಹೋದ ಸಲ ಕುಡಿಸಿದಷ್ಟನ್ನೇ ಈ ಸಲವೂ ಕುಡಿಸುವ ರೂಢಿ ಅನೇಕ ಕಡೆ ಇದೆ. ಔಷಧಿ ಕಡಿಮೆಯಾದರೆ ಹೊಟ್ಟೆಯಲ್ಲಿನ ಹುಳುಗಳೆಲ್ಲ ಸಾಯುವುದಿಲ್ಲ. ಉಳಿದ ಹುಳುಗಳು ಆ ಔಷಧಿಯನ್ನು ತಡೆದುಕೊಳ್ಳುವ ಸಂತತಿಯನ್ನು ಬೆಳೆಸುತ್ತವೆ. ಕ್ರಮೇಣ ಔಷಧಿಯೇ ನಿಷ್ಪ್ರಯೋಜಕವಾಗುತ್ತದೆ. ಹೆಚ್ಚಾದರೆ ಹಣ ವ್ಯರ್ಥ, ಪ್ರಾಣಿಗೂ ಅಪಾಯ. ಆದುದರಿಂದ ಪ್ರಾಣಿಯ ತೂಕ, ಔಷಧಿಯ ಪ್ರಮಾಣ ಮತ್ತು ಅದರ ಸಾಂದ್ರತೆ ಈ ಮೂರನ್ನೂ ತಿಳಿದು ಲೆಕ್ಕ ಹಾಕುವುದು ಅವಶ್ಯಕ.

ತೂಕ ತಿಳಿಯುವ ವಿಧಾನ

ದನವನ್ನು ಸಮತಟ್ಟಾದ ನೆಲದ ಮೇಲೆ ನೇರವಾಗಿ ನಿಲ್ಲಿಸಬೇಕು. ದರ್ಜಿಯ ಟೇಪಿನಿಂದ ಎರಡು ಅಳತೆ ತೆಗೆದುಕೊಳ್ಳಬೇಕು.

1. ಎದೆಯ ಸುತ್ತಳತೆ: ಮುಂಗಾಲುಗಳ ಹಿಂದೆ, ಟೇಪು ಬಿಗಿಯೂ ಆಗದಂತೆ ಸಡಿಲವೂ ಆಗದಂತೆ ಹಿಡಿದು ಅಳೆಯುವುದು.
2. ಉದ್ದ: ಭುಜದ ಮೂಳೆಯ ತುದಿಯಿಂದ ಬಾಲದ ಪಕ್ಕದಲ್ಲಿ ಉಬ್ಬಿರುವ ಮೂಳೆಯವರೆಗೆ.

ಅಂಗುಲದಲ್ಲಿ ಅಳೆದಿದ್ದರೆ, ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 300ರಿಂದ ಭಾಗಿಸಬೇಕು. ಬರುವ ಉತ್ತರ ಪೌಂಡಿನಲ್ಲಿರುತ್ತದೆ. 1 ಪೌಂಡ್ ಎಂದರೆ 0.454 ಕಿಲೋಗ್ರಾಂ.

ಉದಾಹರಣೆಗೆ, ಹಸುವಿನ ಸುತ್ತಳತೆ 60 ಅಂಗುಲ, ಉದ್ದ 50 ಅಂಗುಲ ಎಂದಿಟ್ಟುಕೊಳ್ಳೋಣ.

60 × 60 × 50 ÷ 300 = 600 ಪೌಂಡ್
600 × 0.454 = ಸುಮಾರು 272 ಕಿಲೋಗ್ರಾಂ

ಸೆಂಟಿಮೀಟರಿನಲ್ಲಿ ಅಳೆದಿದ್ದರೆ 300ರ ಬದಲು 10,840ರಿಂದ ಭಾಗಿಸಬೇಕು. ಆಗ ತೂಕ ನೇರವಾಗಿ ಕಿಲೋಗ್ರಾಂನಲ್ಲಿಯೇ ಬರುತ್ತದೆ. ಒಂದು ಅಳತೆ ಅಂಗುಲದಲ್ಲಿ, ಇನ್ನೊಂದು ಸೆಂಟಿಮೀಟರಿನಲ್ಲಿ ಇರಬಾರದು. 1 ಅಂಗುಲಕ್ಕೆ 2.54 ಸೆಂಟಿಮೀಟರ್. ತುಂಬು ಗಬ್ಬದ ಹಸುವಿನಲ್ಲಿ ಈ ಲೆಕ್ಕ ಅಷ್ಟು ಸರಿಹೊಂದುವುದಿಲ್ಲ.

ಮಿಲಿಗ್ರಾಂ ಬೇರೆ, ಮಿಲಿಲೀಟರ್ ಬೇರೆ

ತಪ್ಪು ಹೆಚ್ಚಾಗಿ ನಡೆಯುವುದು ಇಲ್ಲಿಯೇ. ಮಿಲಿಗ್ರಾಂ ಎಂಬುದು ಔಷಧಿಯ ತೂಕ. ಮಿಲಿಲೀಟರ್ ಎಂಬುದು ಅದನ್ನು ಕೂಡಿಸಿದ ದ್ರವದ ಅಳತೆ. ಶೇಕಡಾ 1ರ ದ್ರಾವಣವೆಂದರೆ 100 ಮಿಲಿಲೀಟರಿನಲ್ಲಿ 1 ಗ್ರಾಂ, ಅಂದರೆ 1,000 ಮಿಲಿಗ್ರಾಂ ಔಷಧಿ. ಹೀಗಾಗಿ ಪ್ರತಿ ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಇರುತ್ತದೆ. ಸೀಸೆಯ ಮೇಲಿನ ಶೇಕಡಾ ಸಂಖ್ಯೆಯನ್ನು 10ರಿಂದ ಗುಣಿಸಿದರೆ ಒಂದು ಮಿಲಿಲೀಟರಿನಲ್ಲಿ ಎಷ್ಟು ಮಿಲಿಗ್ರಾಂ ಇದೆಯೆಂದು ತಿಳಿಯುತ್ತದೆ.

ಮೇಲಿನ ಹಸುವಿಗೆ ಪಶುವೈದ್ಯರು ಪ್ರತಿ ಕಿಲೋಗ್ರಾಂ ತೂಕಕ್ಕೆ 7.5 ಮಿಲಿಗ್ರಾಂನಂತೆ ಆಲ್ಬೆಂಡಜೋಲ್ ಸೂಚಿಸಿದ್ದರೆ:

272 × 7.5 = 2,040 ಮಿಲಿಗ್ರಾಂ
ಶೇಕಡಾ 2.5ರ ಔಷಧಿ: 2,040 ÷ 25 = ಸುಮಾರು 82 ಮಿಲಿಲೀಟರ್
ಶೇಕಡಾ 10ರ ಔಷಧಿ: 2,040 ÷ 100 = ಸುಮಾರು 20 ಮಿಲಿಲೀಟರ್

ಔಷಧಿ ಒಂದೇ ಆದರೂ ಅಳತೆಯಲ್ಲಿ ನಾಲ್ಕು ಪಟ್ಟು ವ್ಯತ್ಯಾಸವಿರುವುದನ್ನು ಗಮನಿಸಬೇಕು. ಶೇಕಡಾ 2.5ರ ಸೀಸೆಯಿಂದ 20 ಮಿಲಿಲೀಟರ್ ಮಾತ್ರ ಕುಡಿಸಿದರೆ ಹಸುವಿಗೆ ಸಿಗುವುದು ಕಾಲು ಭಾಗ ಔಷಧಿ. ಹುಳುವಿನ ಜಾತಿಗೆ ತಕ್ಕಂತೆಯೂ ಪ್ರಮಾಣ ಬದಲಾಗುವುದರಿಂದ ಪಶುವೈದ್ಯರ ಸಲಹೆ ಪಡೆಯುವುದು ಅಗತ್ಯ.

ಕುರಿ ಮಂದೆಗೆ

30 ಕಿಲೋಗ್ರಾಂ ತೂಕದ ಕುರಿಗೆ ಪ್ರತಿ ಕಿಲೋಗ್ರಾಂಗೆ 5 ಮಿಲಿಗ್ರಾಂನಂತೆ 150 ಮಿಲಿಗ್ರಾಂ ಬೇಕು. ಶೇಕಡಾ 2.5ರ ಔಷಧಿಯಾದರೆ 6 ಮಿಲಿಲೀಟರ್. ಮಂದೆಗೆಲ್ಲ ಸರಾಸರಿ ತೂಕ ಹಿಡಿದು ಕುಡಿಸಿದರೆ ದೊಡ್ಡ ಕುರಿಗಳಿಗೆ ಸಾಲದೆ ಹೋಗುತ್ತದೆ. ಮರಿ, ನಡುವಯಸ್ಸಿನವು, ದೊಡ್ಡವು ಎಂದು ಗುಂಪು ಮಾಡಿ, ಪ್ರತಿ ಗುಂಪಿನ ಹೆಚ್ಚು ತೂಕದ ಕುರಿಗೆ ತಕ್ಕಂತೆ ಪ್ರಮಾಣ ನಿಗದಿ ಮಾಡುವುದು ಒಳ್ಳೆಯದು.

ಗಮನಿಸಬೇಕಾದ ಅಂಶಗಳು

1. ಮನೆಯ ಚಮಚಗಳೆಲ್ಲ ಒಂದೇ ಅಳತೆಯವಲ್ಲ. ಅಳತೆಯ ಲೋಟ ಅಥವಾ ಸೂಜಿ ತೆಗೆದ ಸಿರಿಂಜ್ ಬಳಸಬೇಕು.
2. ಕುಡಿಸುವ ಮೊದಲು ಸೀಸೆಯನ್ನು ಚೆನ್ನಾಗಿ ಕುಲುಕಬೇಕು. ಔಷಧಿ ತಳದಲ್ಲಿ ಕೂತಿರುತ್ತದೆ.
3. ಗೊಟ್ಟದಿಂದ ಕುಡಿಸುವಾಗ ತಲೆಯನ್ನು ಬಹಳ ಮೇಲೆತ್ತಬಾರದು. ಔಷಧಿ ಶ್ವಾಸಕೋಶಕ್ಕೆ ಹೋಗುವ ಸಂಭವವಿದೆ.
4. ಗಬ್ಬದ ಮೊದಲ ದಿನಗಳಲ್ಲಿ, ಹಸುವಿಗೆ 45 ದಿನ ಮತ್ತು ಕುರಿಗೆ 30 ದಿನ, ಆಲ್ಬೆಂಡಜೋಲ್ ಕೊಡಬಾರದು.
5. ಹಾಲನ್ನು ಎಷ್ಟು ದಿನ ಬಳಸಬಾರದೆಂದು ಸೀಸೆಯ ಚೀಟಿಯಲ್ಲಿ ಬರೆದಿರುವುದನ್ನು ಪಾಲಿಸಬೇಕು.

ಕೊಟ್ಟಿಗೆಯ ಗೋಡೆಯ ಮೇಲೆ ಪ್ರತಿ ದನದ ತೂಕ, ಕುಡಿಸಿದ ದಿನ, ಔಷಧಿಯ ಹೆಸರು ಮತ್ತು ಶೇಕಡಾ ಬರೆದಿಟ್ಟರೆ ಮುಂದಿನ ಸಲದ ಲೆಕ್ಕ ಸುಲಭವಾಗುವುದು.